ಕ್ರಿಮಿನಲ್ ಪ್ರಕರಣ ಮತ್ತು ಸರ್ಕಾರಿ ನೌಕರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಅಂತಿಮ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದ ದಿನ ಕೇರಿಗೆಲ್ಲ ಸಿಹಿ ಹಂಚಿ, ವಾರ ಕಳೆಯುವಷ್ಟರಲ್ಲಿ ‘ಪೊಲೀಸ್ ವೆರಿಫಿಕೇಷನ್’ ಎಂಬ ಮಾತು ಕಿವಿಗೆ ಬಿದ್ದು ನಿದ್ದೆಗೆಟ್ಟವರು ಸೇವಾ ವಿಷಯದ ವಕೀಲರನ್ನು ಹುಡುಕಿಕೊಂಡು ಬರುವುದು ಹೊಸತಲ್ಲ. ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಬಾಯಿಮಾತಿನಲ್ಲಿ ಹೇಳುತ್ತ ಬಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಮುಖ್ಯವಾಗಿ ಕರ್ನಾಟಕ ಸರ್ಕಾರದ ಹುದ್ದೆಗಳನ್ನು ಗಮನದಲ್ಲಿ ಇಟ್ಟುಕೊಂಡಿದ್ದೇನೆ; ಕೇಂದ್ರದ ರೀತಿ ಬೇರೆಯಾದಲ್ಲಿ ಹಾಗೆಂದು ಹೇಳಿದ್ದೇನೆ. ನಿಮ್ಮ ಕಾಗದಪತ್ರ ನೋಡಿದ ವಕೀಲರ ಸಲಹೆಗೆ ಇದು ಬದಲಿಯಲ್ಲ.

ನನ್ನ ಮೇಲೆ ಒಂದು ಎಫ್‌ಐಆರ್ ಇದೆ. ಸರ್ಕಾರಿ ನೌಕರಿಯ ಆಸೆ ಬಿಟ್ಟುಬಿಡಬೇಕೆ?

ಬಿಡಬೇಕಿಲ್ಲ. ಎಫ್‌ಐಆರ್ ಎಂದರೆ ಯಾರೋ ಕೊಟ್ಟ ದೂರನ್ನು ಠಾಣೆಯವರು ದಾಖಲಿಸಿಕೊಂಡದ್ದು ಮಾತ್ರ. ಅಪರಾಧ ಸಾಬೀತಾಯಿತೆಂದು ಅದರ ಅರ್ಥವಲ್ಲ. ಪ್ರಕರಣ ದಾಖಲಾದ ಮಾತ್ರಕ್ಕೆ ಒಬ್ಬರು ಎಲ್ಲ ಸರ್ಕಾರಿ ಹುದ್ದೆಗಳಿಗೂ ಅನರ್ಹರಾಗುತ್ತಾರೆಂದು ಹೇಳುವ ಕಾನೂನು ನಮ್ಮಲ್ಲಿಲ್ಲ. ಕರ್ನಾಟಕ ನಾಗರಿಕ ಸೇವೆಗಳ ಸಾಮಾನ್ಯ ನೇಮಕಾತಿ ನಿಯಮಗಳು, 1977 ಹೇಳುವುದಿಷ್ಟು: ನೇರ ನೇಮಕಾತಿಯಲ್ಲಿ ಆಯ್ಕೆಯಾದವರ ನಡತೆ ಒಳ್ಳೆಯದೆಂದೂ ಅವರು ಹುದ್ದೆಗೆ ಎಲ್ಲ ರೀತಿಯಲ್ಲೂ ತಕ್ಕವರೆಂದೂ ಅಗತ್ಯ ವಿಚಾರಣೆಯ ಬಳಿಕ ನೇಮಕಾತಿ ಪ್ರಾಧಿಕಾರಕ್ಕೆ ಮನವರಿಕೆಯಾಗಬೇಕು.

ವ್ಯಾಜ್ಯವೆಲ್ಲ ಹುಟ್ಟುವುದು ಈ ‘ಮನವರಿಕೆ’ ಎಂಬ ಒಂದು ಪದದಿಂದ. ಯಾವ ಅಪರಾಧಕ್ಕೆ ಎಷ್ಟು ತೂಕ, ಎಷ್ಟು ವರ್ಷ ಹಳೆಯದಾದರೆ ಬಿಡಬಹುದು ಎಂಬ ಲೆಕ್ಕ ಆ ನಿಯಮದಲ್ಲಿಲ್ಲ. ಹೀಗಾಗಿ ಒಂದೇ ಬಗೆಯ ಪ್ರಕರಣವಿದ್ದ ಇಬ್ಬರಲ್ಲಿ ಒಬ್ಬರು ಒಂದು ಜಿಲ್ಲೆಯಲ್ಲಿ ಕೆಲಸಕ್ಕೆ ಹಾಜರಾಗಿ ಸಂಬಳ ಎಣಿಸುತ್ತಿರುವಾಗ, ಇನ್ನೊಬ್ಬರು ಪಕ್ಕದ ಜಿಲ್ಲೆಯಲ್ಲಿ ಹಿಂಬರಹ ಹಿಡಿದು ಅಲೆಯುತ್ತಿರುತ್ತಾರೆ. ಪ್ರಾಧಿಕಾರದ ವಿವೇಚನೆ ಸಮಾನತೆಯ ಹಕ್ಕು ಕೊಡುವ ಸಂವಿಧಾನದ 14 ಮತ್ತು 16ನೇ ವಿಧಿಗಳಿಗೆ ಒಳಪಟ್ಟಿದೆ. ಮನಬಂದಂತೆ ಬಳಸುವ ಅಧಿಕಾರ ಅದಲ್ಲ. ಆದರೆ ಅದನ್ನು ನೆನಪಿಸಿಕೊಡುವ ಹೊಣೆ ಕೊನೆಗೆ ಅಭ್ಯರ್ಥಿಯ ತಲೆಯ ಮೇಲೇ ಬೀಳುತ್ತದೆ.

ಎಲ್ಲರೂ ‘ಅವತಾರ್ ಸಿಂಗ್ ತೀರ್ಪು’ ಎನ್ನುತ್ತಾರೆ. ಅದರಲ್ಲಿ ಏನಿದೆ?

2016ರ ಜುಲೈ 21ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು ಅದು. ಅಲ್ಲಿಯವರೆಗೆ ಇದೇ ವಿಷಯದಲ್ಲಿ ಒಂದು ಪೀಠ ಕರುಣೆ ತೋರಿದರೆ ಇನ್ನೊಂದು ಪೀಠ ಕಟುವಾಗಿ ನಡೆದುಕೊಂಡಿತ್ತು. ಆ ಗೊಂದಲ ಬಿಡಿಸಲು ನ್ಯಾಯಾಲಯ ಹನ್ನೊಂದು ಸೂತ್ರಗಳನ್ನು ಬರೆಯಿತು. ಇಂದಿಗೂ ಯಾವ ಇಲಾಖೆಯ ಆದೇಶ ತೆಗೆದು ನೋಡಿದರೂ, ಯಾವ ನ್ಯಾಯಾಲಯದ ವಾದ ಕೇಳಿದರೂ ಮಾತು ಬಂದು ನಿಲ್ಲುವುದು ಅಲ್ಲೇ.

ತೀರ್ಪಿನ ತಿರುಳು ಹೀಗಿದೆ. ಬಂಧನ, ವಿಚಾರಣೆ, ಶಿಕ್ಷೆ, ಬಿಡುಗಡೆ ಯಾವುದರ ಬಗ್ಗೆ ಕೇಳಿದ್ದರೂ ಅಭ್ಯರ್ಥಿ ನಿಜ ಹೇಳಬೇಕು. ಹಾಗೆಂದು ಸುಳ್ಳು ಸಿಕ್ಕಿಬಿದ್ದ ಕೂಡಲೇ ಕಣ್ಣುಮುಚ್ಚಿ ಆಯ್ಕೆ ರದ್ದು ಮಾಡುವಂತಿಲ್ಲ; ಆ ಪ್ರಕರಣದ ವಿಶೇಷ ಸಂದರ್ಭಗಳನ್ನು ಪ್ರಾಧಿಕಾರ ಗಮನಿಸಬಹುದು. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂತಹ ಕ್ಷುಲ್ಲಕ ಪ್ರಕರಣವನ್ನು, ಅಂದರೆ ಹೇಳಿದ್ದರೂ ನೌಕರಿಗೆ ಅಡ್ಡಿಯಾಗದಂತಹದನ್ನು, ಮುಚ್ಚಿಟ್ಟಿದ್ದರೆ ಮನ್ನಿಸಬಹುದು. ಗಂಭೀರ ಅಪರಾಧದಲ್ಲಿ ಶಿಕ್ಷೆಯಾಗಿದ್ದರೆ ಆಯ್ಕೆ ರದ್ದುಪಡಿಸಬಹುದು. ಹಲವು ಪ್ರಕರಣಗಳು ಬಾಕಿ ಇದ್ದು ಬೇಕೆಂದೇ ಬಚ್ಚಿಟ್ಟಿದ್ದರೆ ಆ ಬಚ್ಚಿಟ್ಟದ್ದೇ ಸಾಕಾದ ಕಾರಣ. ಅಭ್ಯರ್ಥಿಗೆ ಗೊತ್ತೇ ಇರದ ಪ್ರಕರಣವನ್ನು ‘ಮುಚ್ಚಿಟ್ಟರು’ ಎನ್ನಲಾಗದು, ಆದರೂ ಅಪರಾಧದ ಗಂಭೀರತೆ ನೋಡಿ ತೀರ್ಮಾನ ಮಾಡಬಹುದು. ನಮೂನೆಯಲ್ಲಿ ಕೇಳದೇ ಇದ್ದುದನ್ನು ಹೇಳಲಿಲ್ಲವೆಂದು ಶಿಕ್ಷಿಸುವಂತಿಲ್ಲ. ನೌಕರಿ ಖಾಯಂ ಆದವರನ್ನು ಈ ಕಾರಣಕ್ಕೆ ತೆಗೆಯಬೇಕಿದ್ದರೆ ಇಲಾಖಾ ವಿಚಾರಣೆ ಆಗಲೇಬೇಕು.

ಇನ್ನೊಂದು ಸೂತ್ರವನ್ನು ಜನ ಮರೆಯುತ್ತಾರೆ. ಎಲ್ಲವನ್ನೂ ಪ್ರಾಮಾಣಿಕವಾಗಿ ಹೇಳಿಕೊಂಡವರಿಗೂ ನೌಕರಿ ಕೊಡಲೇಬೇಕೆಂಬ ಕಡ್ಡಾಯವಿಲ್ಲ. ನಿಜ ಹೇಳಿದರೆ ಸುಳ್ಳಿನ ಆರೋಪ ತಪ್ಪುತ್ತದೆ, ಹುದ್ದೆ ತಾನಾಗಿ ಕೈಗೆ ಬರುವುದಿಲ್ಲ. ಆದರೂ ನಾನು ನೋಡಿದ ಮಟ್ಟಿಗೆ, ಪ್ರಕರಣದಿಂದ ನೌಕರಿ ಹೋದವರಿಗಿಂತ ಪ್ರಕರಣ ಮುಚ್ಚಿಟ್ಟು ನೌಕರಿ ಕಳೆದುಕೊಂಡವರೇ ಹೆಚ್ಚು.

ನಮೂನೆಯಲ್ಲಿ ಏನೇನು ಕೇಳುತ್ತಾರೆ?

ಆಯ್ಕೆಯಾದವರು ತಮ್ಮ ಪೂರ್ವಾಪರ ಬರೆದುಕೊಡುವ ಕೇಂದ್ರ ಸರ್ಕಾರದ ಅಟೆಸ್ಟೇಷನ್ ಫಾರ್ಮಿನ ತಲೆಯಲ್ಲೇ ಎಚ್ಚರಿಕೆ ಅಚ್ಚಾಗಿರುತ್ತದೆ: ಸುಳ್ಳು ಮಾಹಿತಿ ಕೊಟ್ಟರೆ ಅಥವಾ ನಿಜ ಮುಚ್ಚಿಟ್ಟರೆ ಅದೇ ಅನರ್ಹತೆ. ಒಳಗೆ ಒಂದೇ ಪ್ರಶ್ನೆಗೆ ಹಲವು ಕವಲುಗಳಿವೆ. ಎಂದಾದರೂ ಬಂಧನವಾಗಿದೆಯೆ, ನಿಮ್ಮ ಮೇಲೆ ಮೊಕದ್ದಮೆ ನಡೆದಿದೆಯೆ, ಮುಚ್ಚಳಿಕೆ ಬರೆಸಿಕೊಂಡಿದ್ದಾರೆಯೆ, ನ್ಯಾಯಾಲಯ ದಂಡ ಹಾಕಿದೆಯೆ, ಶಿಕ್ಷೆಯಾಗಿದೆಯೆ, ವಿಶ್ವವಿದ್ಯಾಲಯ ಪರೀಕ್ಷೆಯಿಂದ ಹೊರಗಿಟ್ಟಿದೆಯೆ, ಈಗ ಯಾವುದಾದರೂ ಪ್ರಕರಣ ಬಾಕಿ ಇದೆಯೆ ಎಂದು ಬಿಡಿಬಿಡಿಯಾಗಿ ಕೇಳಿರುತ್ತದೆ. ಫಾರ್ಮ್ ಕೊಟ್ಟ ನಂತರ ಏನಾದರೂ ಆದರೆ ಅದನ್ನೂ ಕೂಡಲೇ ತಿಳಿಸಬೇಕು. ರಾಜ್ಯದ ಇಲಾಖೆಗಳ ನಮೂನೆಗಳು ಇಷ್ಟು ವಿಸ್ತಾರವಾಗಿರುವುದಿಲ್ಲ, ಎಲ್ಲವೂ ಒಂದೇ ರೀತಿಯಾಗಿಯೂ ಇರುವುದಿಲ್ಲ.

ಆದ್ದರಿಂದ ಕ್ರಿಯಾಪದವನ್ನು ನೋಡಿ. ‘ಪ್ರಕರಣ ಬಾಕಿ ಇದೆಯೆ’ ಎಂಬುದಕ್ಕೂ ‘ಎಂದಾದರೂ ದಾಖಲಾಗಿತ್ತೆ’ ಎಂಬುದಕ್ಕೂ ಅಜಗಜಾಂತರವಿದೆ. ಮೊದಲನೆಯದಕ್ಕೆ, ಖುಲಾಸೆಯಾದವರು ‘ಇಲ್ಲ’ ಎಂದು ಬರೆದರೆ ಅದು ನಿಜ. ಎರಡನೆಯದಕ್ಕೆ ಅದೇ ಉತ್ತರ ಸುಳ್ಳು. ತುಂಬಿದ ನಮೂನೆಯ ಜೆರಾಕ್ಸ್ ಅಥವಾ ಫೋಟೊ ನಿಮ್ಮಲ್ಲಿ ಇರಲಿ. ಮೂರು ವರ್ಷದ ನಂತರ ನೋಟಿಸ್ ಬಂದಾಗ ‘ನಾನು ಏನು ಬರೆದಿದ್ದೆನೋ ನೆನಪಿಲ್ಲ ಸಾರ್’ ಎನ್ನುವವರೇ ಬಹಳ.

ನಿಜ ಬರೆಯುವುದಾದರೆ ಹೇಗೆ ಬರೆಯಬೇಕು?

ಕಥೆ ಬೇಡ, ಸಮರ್ಥನೆ ಬೇಡ, ‘ವಿರೋಧಿಗಳ ಪಿತೂರಿ’ ಎಂಬ ಮಾತು ಬೇಡವೇ ಬೇಡ. ಒಂದು ಮಾದರಿ:

‘ಹೌದು. ಗ್ರಾಮಾಂತರ ಪೊಲೀಸ್ ಠಾಣೆಯ ಅಪರಾಧ ಸಂಖ್ಯೆ ಇಷ್ಟು/2019, ಭಾರತೀಯ ದಂಡ ಸಂಹಿತೆಯ ಕಲಂ 323, 504, 506 ಸಹಕಲಂ 34ರ ಅಡಿಯಲ್ಲಿ ಪ್ರಕರಣ ದಾಖಲಾಗಿತ್ತು. ನಾನು ಮೂರನೇ ಆರೋಪಿ. ಬಂಧನವಾಗಿಲ್ಲ, ನ್ಯಾಯಾಲಯದಲ್ಲಿ ಜಾಮೀನು ಪಡೆದಿದ್ದೇನೆ. ಸಿ.ಸಿ. ಸಂಖ್ಯೆ ಇಷ್ಟರಲ್ಲಿ ಇಂಥ ದಿನಾಂಕದಂದು ಖುಲಾಸೆಯಾಗಿದೆ. ತೀರ್ಪಿನ ದೃಢೀಕೃತ ನಕಲು ಲಗತ್ತಿಸಿದೆ.’

ಜಾಗ ಸಾಲದಿದ್ದರೆ ‘ಪ್ರತ್ಯೇಕ ಹಾಳೆ ನೋಡಿ’ ಎಂದು ಬರೆದು ಸಹಿ ಹಾಕಿದ ಹಾಳೆ ಸೇರಿಸಿ. 2024ರ ಜುಲೈ 1ರ ನಂತರದ ಘಟನೆಗಳಿಗೆ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆಯ ಕಲಂಗಳು ಅನ್ವಯಿಸುತ್ತವೆ; ಎಫ್‌ಐಆರ್‌ನಲ್ಲಿ ಇದ್ದ ಸಂಖ್ಯೆಯನ್ನೇ ಬರೆಯಿರಿ, ನೀವಾಗಿ ಪರಿವರ್ತಿಸಲು ಹೋಗಬೇಡಿ. ‘ಅನ್ವಯಿಸುವುದಿಲ್ಲ’ ಎಂದು ಬರೆಯುವುದು, ಗೆರೆ ಎಳೆಯುವುದು, ಖಾಲಿ ಬಿಡುವುದು ಇವೆಲ್ಲ ಮುಂದೆ ‘ಇಲ್ಲ’ ಎಂಬ ಅರ್ಥವನ್ನೇ ಕೊಡುತ್ತವೆ.

ನಾನು ಖುಲಾಸೆಯಾಗಿದ್ದೇನೆ. ಅಲ್ಲಿಗೆ ಮುಗಿಯಲಿಲ್ಲವೆ?

ಕ್ರಿಮಿನಲ್ ನ್ಯಾಯಾಲಯದ ಮಟ್ಟಿಗೆ ಮುಗಿಯಿತು, ನೇಮಕಾತಿಯ ಮಟ್ಟಿಗೆ ಇಲ್ಲ. ಸಾಕ್ಷ್ಯವನ್ನೆಲ್ಲ ಪರಿಶೀಲಿಸಿ, ಆರೋಪ ಸಾಬೀತುಪಡಿಸುವಲ್ಲಿ ಅಭಿಯೋಜನೆ (ಪ್ರಾಸಿಕ್ಯೂಷನ್) ಸಂಪೂರ್ಣ ಸೋತಿದೆ ಎಂದು ನ್ಯಾಯಾಲಯ ಹೇಳಿದ್ದರೆ ಅದನ್ನು ‘ಗೌರವಯುತ ಬಿಡುಗಡೆ’ ಎನ್ನುತ್ತಾರೆ. ಸಾಕ್ಷಿಗಳು ಪ್ರತಿಕೂಲವಾಗಿ ತಿರುಗಿ, ಅಥವಾ ಸಂಶಯದ ಲಾಭ ಕೊಟ್ಟು ಬಿಟ್ಟಿದ್ದರೆ ಅದಕ್ಕೆ ಆ ಮರ್ಯಾದೆಯಿಲ್ಲ. ವಿಚಿತ್ರವೆಂದರೆ 2024ರ ಜೂನ್‌ವರೆಗೆ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ‘ಗೌರವಯುತ’ ಎಂಬ ಪದವೇ ಇರಲಿಲ್ಲ; ಅದು ಸೇವಾ ನಿಯಮಗಳು ಮತ್ತು ತೀರ್ಪುಗಳ ಮೂಲಕ ಬಂದ ಮಾತು.

ಇಲ್ಲಿ ನನಗೊಂದು ತಕರಾರಿದೆ. ಕೆಳ ನ್ಯಾಯಾಲಯಗಳ ಎಷ್ಟೋ ತೀರ್ಪುಗಳಲ್ಲಿ ‘ಸಂಶಯದ ಲಾಭ ನೀಡಿ ಬಿಡುಗಡೆ ಮಾಡಲಾಗಿದೆ’ ಎಂಬ ಸಾಲು ಅಭ್ಯಾಸಬಲದಿಂದ ಬರುತ್ತದೆ; ಮೇಲೆ ಹತ್ತು ಪುಟದಲ್ಲಿ ಆರೋಪಿ ಸ್ಥಳದಲ್ಲೇ ಇರಲಿಲ್ಲವೆಂದು ಚರ್ಚಿಸಿದ್ದರೂ ಕೊನೆಗೆ ಅದೇ ಸಾಲು. ಇಲಾಖೆಯವರು ಓದುವುದು ಆ ಕೊನೆಯ ಸಾಲನ್ನು ಮಾತ್ರ. ಆದ್ದರಿಂದ ಇಡೀ ತೀರ್ಪನ್ನು ಕೊಡಿ, ನಿಮಗೆ ಅನುಕೂಲವಾದ ಚರ್ಚೆಯಿರುವ ಪುಟದ ಸಂಖ್ಯೆಯನ್ನು ಪತ್ರದಲ್ಲಿ ಕಾಣಿಸಿ. ಬಿ ರಿಪೋರ್ಟ್ (ಆರೋಪಕ್ಕೆ ಆಧಾರವಿಲ್ಲವೆಂದು ಪೊಲೀಸರು ಕೊಡುವ ಅಂತಿಮ ವರದಿ) ಆಗಿ ನ್ಯಾಯಾಲಯ ಒಪ್ಪಿದ್ದರೆ ಅಥವಾ ಹೈಕೋರ್ಟು ಎಫ್‌ಐಆರನ್ನೇ ರದ್ದುಪಡಿಸಿದ್ದರೆ ನಿಮ್ಮ ಸ್ಥಿತಿ ಇನ್ನೂ ಗಟ್ಟಿ. ಆದರೆ ‘ಎಂದಾದರೂ’ ಎಂಬ ಪ್ರಶ್ನೆಗೆ ಆಗಲೂ ‘ಹೌದು’ ಎಂದೇ ಉತ್ತರಿಸಬೇಕು.

ಬದುವಿನ ಜಗಳ, ಎರಡೂ ಕಡೆ ದೂರು, ಕೊನೆಗೆ ರಾಜಿ. ಇದಕ್ಕೂ ತೊಂದರೆಯೆ?

ನಮ್ಮ ಹಳ್ಳಿಗಳಿಂದ ಬರುವ ಪ್ರಕರಣಗಳಲ್ಲಿ ಈ ಬಗೆಯದೇ ಸಿಂಹಪಾಲು. ಅಣ್ಣತಮ್ಮಂದಿರು ಬದುವಿಗಾಗಿ ಬಡಿದಾಡಿಕೊಂಡರೆ ದೂರಿನಲ್ಲಿ ಮನೆಯ ಗಂಡಸರ ಹೆಸರೆಲ್ಲ ಸೇರುತ್ತದೆ. ಆ ದಿನ ಧಾರವಾಡದ ಕೋಚಿಂಗ್ ಸೆಂಟರಿನಲ್ಲಿ ಕೂತಿದ್ದ ಮಗನ ಹೆಸರೂ ಸೇರುತ್ತದೆ. ಎದುರಿನವರದು ಕೌಂಟರ್ ಕೇಸ್. ಎರಡು ವರ್ಷದ ನಂತರ ಹಿರಿಯರು ಕೂತು ರಾಜಿ ಮಾಡಿಸುತ್ತಾರೆ. ಅತ್ತಿಗೆ ಕೊಟ್ಟ ವರದಕ್ಷಿಣೆ ದೂರಿನಲ್ಲಿ ಮೈದುನನ ಹೆಸರು ಬರುವುದೂ ಇದೇ ರೀತಿ.

ರಾಜಿಯಾಗಬಲ್ಲ ಅಪರಾಧದಲ್ಲಿ ರಾಜಿಯನ್ನು ನ್ಯಾಯಾಲಯ ದಾಖಲಿಸಿಕೊಂಡರೆ ಕಾನೂನಿನ ದೃಷ್ಟಿಯಲ್ಲಿ ಅದು ಖುಲಾಸೆಯೇ. 2011ರಲ್ಲಿ ದೆಹಲಿ ಪೊಲೀಸ್ ಇಲಾಖೆಯ ಕಚೇರಿ ಹುದ್ದೆಯೊಂದಕ್ಕೆ ಆಯ್ಕೆಯಾಗಿದ್ದ ಯುವಕನ ಪ್ರಕರಣದಲ್ಲಿ, ರಾಜಿಯಾಗಿ ಮುಗಿದಿದ್ದ ಹೊಡೆದಾಟದ ಕೇಸನ್ನು ಅರ್ಜಿಯಲ್ಲಿ ಹೇಳದಿದ್ದುದನ್ನು ಸುಪ್ರೀಂ ಕೋರ್ಟ್ ಮನ್ನಿಸಿತು. ಹರೆಯದ ತಪ್ಪಿಗೆ ಜೀವಮಾನವಿಡೀ ಹಣೆಪಟ್ಟಿ ಹಚ್ಚಬಾರದೆಂಬುದು ಆ ತೀರ್ಪಿನ ಧಾಟಿ. ಆದರೆ ಎರಡೇ ವರ್ಷದಲ್ಲಿ, 2013ರಲ್ಲಿ, ಅದೇ ದೆಹಲಿ ಪೊಲೀಸ್ ನೇಮಕಾತಿಯ ಇನ್ನೊಂದು ಪ್ರಕರಣದಲ್ಲಿ ರಾಜಿಯ ಮೂಲಕ ಬಂದ ಬಿಡುಗಡೆಯನ್ನು ಸ್ಕ್ರೀನಿಂಗ್ ಸಮಿತಿ ಒಪ್ಪದಿದ್ದುದು ಸರಿಯೆಂದು ಅದೇ ನ್ಯಾಯಾಲಯ ಹೇಳಿತು. ‘ರಾಜಿಯಾಯಿತು, ಇನ್ನೇನು’ ಎಂದು ಕೂರುವಂತಿಲ್ಲ ಎಂಬುದಕ್ಕೆ ಈ ಎರಡು ತೀರ್ಪುಗಳನ್ನು ಒಟ್ಟಿಗೆ ಓದಬೇಕು.

ಇಸ್ಪೀಟು ಆಟದಲ್ಲಿ ಸಿಕ್ಕಿ ದಂಡ ಕಟ್ಟಿದ್ದೆ. ಅದನ್ನೂ ಬರೆಯಬೇಕೆ?

ಕೇಳಿದ್ದರೆ ಬರೆಯಲೇಬೇಕು. ದ್ವಿತೀಯ ದರ್ಜೆ ಸಹಾಯಕ ಹುದ್ದೆಗೆ ಆಯ್ಕೆಯಾಗಿದ್ದ ಒಬ್ಬ ಹುಡುಗ ನನ್ನಲ್ಲಿಗೆ ತಂದ ಪಂಚನಾಮೆಯ ನಕಲು ಇನ್ನೂ ಕಣ್ಣಿಗೆ ಕಟ್ಟಿದಂತಿದೆ: 52 ಇಸ್ಪೀಟು ಎಲೆ, ನೆಲಕ್ಕೆ ಹಾಸಿದ್ದ ಒಂದು ಹಳೆಯ ನ್ಯೂಸ್ ಪೇಪರ್, ನಗದು 1,340 ರೂಪಾಯಿ. ದೀಪಾವಳಿಯ ರಾತ್ರಿ, ಅರಳಿಕಟ್ಟೆಯ ಬುಡದಲ್ಲಿ ಅಂದರ್-ಬಾಹರ್. ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಕಲಂ 87ರ ಅಡಿಯಲ್ಲಿ ಕೇಸು. ‘ಒಪ್ಪಿಕೊಂಡರೆ ಇವತ್ತೇ ಮುಗಿಯುತ್ತದೆ’ ಎಂದು ಯಾರೋ ಹೇಳಿದರಂತೆ. ಎಂಟೂ ಮಂದಿ ಒಪ್ಪಿಕೊಂಡು ತಲಾ 200 ರೂಪಾಯಿ ಕಟ್ಟಿ ಮಧ್ಯಾಹ್ನದ ಬಸ್ಸಿಗೆ ಊರು ಸೇರಿದ್ದರು. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಅದು ದೋಷಸಿದ್ಧಿ, ಅಂದರೆ ಕಾಗದದಲ್ಲಿ ಆತ ಶಿಕ್ಷೆಗೊಳಗಾದವನು ಎಂದು ಆ ದಿನ ಯಾರೂ ಅವನಿಗೆ ಹೇಳಿರಲಿಲ್ಲ. ನಮೂನೆಯಲ್ಲಿ ಅವನು ‘ಅನ್ವಯಿಸುವುದಿಲ್ಲ’ ಎಂದು ಬರೆದಿದ್ದ. ಕಾರಣ ಕೇಳುವ ನೋಟಿಸಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದು, ನ್ಯಾಯಾಲಯದ ಆದೇಶದ ನಕಲು ಲಗತ್ತಿಸಿ ಉತ್ತರ ಕೊಟ್ಟೆವು. ಏಳು ತಿಂಗಳ ನಂತರ ನೇಮಕಾತಿ ಆದೇಶ ಬಂತು. ಅಷ್ಟರಲ್ಲಿ ಅವನ ಬ್ಯಾಚಿನವರು ಅವನಿಗಿಂತ ಏಳು ತಿಂಗಳು ಮೊದಲೇ ಹಾಜರಾಗಿದ್ದರು.

ಇಂತಹ ಸಣ್ಣ ದಂಡಗಳ ಬಗ್ಗೆ ಸುಪ್ರೀಂ ಕೋರ್ಟ್ 1996ರಲ್ಲೇ ಮಾತಾಡಿದೆ. ಹರಿಯಾಣದ ಕೆಳದರ್ಜೆ ನೌಕರರೊಬ್ಬರನ್ನು ದಂಡ ಸಂಹಿತೆಯ 294ನೇ ಕಲಮಿನಲ್ಲಿ ಕಟ್ಟಿದ 20 ರೂಪಾಯಿ ದಂಡದ ಕಾರಣಕ್ಕೆ ತೆಗೆದುಹಾಕಿದ್ದರು. ಆ ಆದೇಶವನ್ನು ತಳ್ಳಿಹಾಕಿದ ನ್ಯಾಯಾಲಯ, 2,000 ರೂಪಾಯಿಯವರೆಗಿನ ದಂಡವನ್ನು ಸರ್ಕಾರಿ ಸೇವೆಯ ಮಟ್ಟಿಗೆ ದೋಷಸಿದ್ಧಿಯೆಂದು ಎಣಿಸಬಾರದೆಂಬ ಕಾನೂನನ್ನು ಸಂಸತ್ತು ಮಾಡಬೇಕೆಂದು ಸೂಚಿಸಿತು. ಆ ಕಾನೂನು ಇಂದಿಗೂ ಬಂದಿಲ್ಲ.

ವಿದ್ಯಾರ್ಥಿ ಚಳವಳಿ, ಕಾವೇರಿ ಬಂದ್, ರೈತರ ರಸ್ತೆ ತಡೆ: ಇವುಗಳ ಕೇಸು ಅಡ್ಡಿಯೆ?

ಕೇವಲ ಘೋಷಣೆ, ಧರಣಿ, ರಸ್ತೆ ತಡೆಯಾದರೆ ಸಾಮಾನ್ಯವಾಗಿ ಅಡ್ಡಿಯಾಗಬಾರದು. ಅವತಾರ್ ಸಿಂಗ್ ತೀರ್ಪು ಕೊಟ್ಟ ಉದಾಹರಣೆಯೇ ಅದು. ಕಲ್ಲು ತೂರಾಟ, ಬಸ್ಸಿಗೆ ಬೆಂಕಿ ಇದ್ದರೆ ಮಾತು ಬೇರೆ. ಸರ್ಕಾರ ಪ್ರಕರಣ ವಾಪಸು ಪಡೆದಿದ್ದರೆ ನ್ಯಾಯಾಲಯದ ಆದೇಶ ಯಾವ ಹಂತದಲ್ಲಿ ಆಯಿತೆಂದು ನೋಡಿ: ಆರೋಪ ನಿಗದಿಗೆ ಮುನ್ನವಾದರೆ ಅದು ಆರೋಪದಿಂದ ಬಿಡುಗಡೆ (ಡಿಸ್ಚಾರ್ಜ್), ನಂತರವಾದರೆ ಖುಲಾಸೆ. ಸಚಿವ ಸಂಪುಟ ತೀರ್ಮಾನಿಸಿದೆ ಎಂಬ ಪತ್ರಿಕಾ ವರದಿ ಸಾಲದು. ನ್ಯಾಯಾಲಯ ಒಪ್ಪಿದ ಆದೇಶವೇ ಬೇಕು.

ರಾಜಕೀಯ ನಿಲುವಿನ ಕಾರಣಕ್ಕೆ ಪೊಲೀಸ್ ವರದಿ ವಿರುದ್ಧವಾಗಿ ಬಂದರೆ 1983ರ ಒಂದು ತೀರ್ಪು ನೆರವಿಗಿದೆ. ಮಧ್ಯಪ್ರದೇಶದ ಶಿಕ್ಷಕರೊಬ್ಬರನ್ನು ಹಳೆಯ ರಾಜಕೀಯ ಒಡನಾಟದ ವರದಿಯ ಮೇಲೆ ತೆಗೆದಿದ್ದ ಆ ಪ್ರಕರಣದಲ್ಲಿ, ಅಭ್ಯರ್ಥಿಯ ರಾಜಕೀಯ ನಂಬಿಕೆಯ ಬಗ್ಗೆ ಪೊಲೀಸರಿಂದ ವರದಿ ಕೇಳುವುದೇ ಸಂವಿಧಾನಕ್ಕೆ ಒಗ್ಗದ ಕೆಲಸವೆಂದು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಬರೆದರು. ಮುಂದೆ ಕರ್ನಾಟಕದ ಮೂರನೇ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾದವರು ಇವರೇ.

ಹದಿನೆಂಟು ತುಂಬುವ ಮೊದಲು ನಡೆದದ್ದು. ಹೇಳಬೇಕೆ?

ಬಾಲನ್ಯಾಯ ಕಾಯ್ದೆ, 2015ರ ಕಲಂ 24ರಂತೆ, ಆ ಕಾಯ್ದೆಯಡಿ ವಿಚಾರಣೆಯಾದ ಮಗುವಿಗೆ ದೋಷಸಿದ್ಧಿಯಿಂದ ಬರುವ ಯಾವ ಅನರ್ಹತೆಯೂ ತಟ್ಟುವುದಿಲ್ಲ. ಹದಿನಾರು ತುಂಬಿದ್ದು, ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಣೆಯಾಗಿ ಮಕ್ಕಳ ನ್ಯಾಯಾಲಯದಲ್ಲಿ ತಪ್ಪಿತಸ್ಥರೆಂದಾದವರು ಮಾತ್ರ ಇದಕ್ಕೆ ಹೊರತು. ಮುಗಿದ ಪ್ರಕರಣದಲ್ಲಿ ಮಗುವಿನ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಬಹಿರಂಗಪಡಿಸಬಾರದೆಂದು ಅದೇ ಕಾಯ್ದೆಯ ಕಲಂ 74 ಸ್ಪಷ್ಟವಾಗಿ ಹೇಳುತ್ತದೆ. 2019ರಲ್ಲಿ ಸಿಐಎಸ್‌ಎಫ್ (ಕೇಂದ್ರ ಕೈಗಾರಿಕಾ ಭದ್ರತಾ ಪಡೆ) ಸಬ್ ಇನ್‌ಸ್ಪೆಕ್ಟರ್ ಹುದ್ದೆಯ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಅಭ್ಯರ್ಥಿಯ ಪರ ನಿಂತಿತು. ಆದರೂ ವರದಿಗಳಲ್ಲಿ ಬಾಲಕರ ಪ್ರಕರಣ ನುಸುಳುವುದುಂಟು. ಹಾಗಾದಾಗ ಕೃತ್ಯದ ದಿನದ ವಯಸ್ಸನ್ನು ತೋರಿಸುವ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೊಂದಿಗೆ ಈ ಎರಡು ಕಲಂಗಳನ್ನು ಉಲ್ಲೇಖಿಸಿ ಆಕ್ಷೇಪಣೆ ಸಲ್ಲಿಸಿ.

ಪೊಲೀಸ್ ಹುದ್ದೆಗೂ ಗುಮಾಸ್ತೆ ಹುದ್ದೆಗೂ ಒಂದೇ ಅಳತೆಯೆ?

ಅಲ್ಲ. ಸಮವಸ್ತ್ರದ ಹುದ್ದೆಗಳಿಗೆ ಅಳತೆಗೋಲು ಬಿಗಿ. 2022ರ ಸೆಪ್ಟೆಂಬರ್ 26ರಂದು ಸಿಆರ್‌ಪಿಎಫ್ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್, ಕಾನೂನು ಕಾಯಬೇಕಾದವರ ಪೂರ್ವಾಪರವನ್ನು ಹೆಚ್ಚು ಕಟ್ಟುನಿಟ್ಟಾಗಿ ನೋಡಬಹುದೆಂದು ಹೇಳಿ, ಮಾಹಿತಿ ಮುಚ್ಚಿಟ್ಟವರ ಮನವಿಯನ್ನು ತಿರಸ್ಕರಿಸಿತು. ಕೇಂದ್ರದ ಸಶಸ್ತ್ರ ಪಡೆಗಳಿಗೆ ಗೃಹ ಸಚಿವಾಲಯ 2012ರ ಫೆಬ್ರವರಿ 1ರಂದು ಹೊರಡಿಸಿದ ಮಾರ್ಗಸೂಚಿಯೂ ಇದೆ.

ಆದರೆ ಸಮವಸ್ತ್ರದಲ್ಲೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಅದೇ 2022ರ ಮೇ ತಿಂಗಳಲ್ಲಿ ರೈಲ್ವೆ ರಕ್ಷಣಾ ಪಡೆಯ ಕಾನ್‌ಸ್ಟೆಬಲ್ ಒಬ್ಬರನ್ನು ತೆಗೆದಿದ್ದ ಆದೇಶ ರದ್ದಾಯಿತು. 2024ರ ಫೆಬ್ರವರಿ 22ರ ತೀರ್ಪಿನಲ್ಲಿ ಉತ್ತರ ಪ್ರದೇಶದ ಪೊಲೀಸ್ ಹುದ್ದೆಗೆ 2004ರ ಸುಮಾರಿಗೆ ಆಯ್ಕೆಯಾಗಿದ್ದವರಿಗೆ, ಖುಲಾಸೆಯಾಗಿದ್ದ ಪ್ರಕರಣ ಹೇಳದಿದ್ದರೂ, ನೌಕರಿ ಕೊಡಲು ಸುಪ್ರೀಂ ಕೋರ್ಟ್ ಆದೇಶಿಸಿತು. ಎರಡು ದಶಕ ಕಾದು ಪಡೆದ ಗೆಲುವನ್ನು ನ್ಯಾಯವೆನ್ನಬೇಕೋ ಬೇಡವೋ ಓದುಗರೇ ನಿರ್ಧರಿಸಲಿ.

ಶಿಕ್ಷೆಯೇ ಆಗಿದೆ. ಇನ್ನು ದಾರಿಯಿಲ್ಲವೆ?

ಮೂರು ಸಂಗತಿ ನೋಡಬೇಕು. ಒಂದು, ಅಪರಾಧ ನೈತಿಕ ಅಧಃಪತನದ್ದೆ ಎಂಬುದು. ಕಳ್ಳತನ, ವಂಚನೆ, ಲಂಚ, ಅತ್ಯಾಚಾರ ಹೌದು. ಅಜಾಗರೂಕ ಚಾಲನೆಯಂತಹವು ಸಾಮಾನ್ಯವಾಗಿ ಅಲ್ಲ. ಎರಡು, ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, 1958ರ ಕಲಂ 3ರಂತೆ ಎಚ್ಚರಿಕೆ ಪಡೆದು ಅಥವಾ ಕಲಂ 4ರಂತೆ ಸದ್ವರ್ತನೆಯ ಮೇಲೆ ಬಿಡುಗಡೆಯಾಗಿದ್ದರೆ ಕಲಂ 12ರಂತೆ ದೋಷಸಿದ್ಧಿಯಿಂದ ಬರುವ ಅನರ್ಹತೆ ತಟ್ಟುವುದಿಲ್ಲ. ಆದರೆ ದೋಷಸಿದ್ಧಿ ಅಳಿಸಿಹೋಗುವುದಿಲ್ಲ, ಆ ನಡವಳಿಕೆಯನ್ನು ಪ್ರಾಧಿಕಾರ ತೂಗಿ ನೋಡಬಹುದು. ಮೂರು, ಮೇಲ್ಮನವಿಯಲ್ಲಿ ‘ಸ್ಟೇ ಸಿಕ್ಕಿದೆ’ ಎಂದು ಬಹಳ ಜನ ನೆಮ್ಮದಿಯಾಗಿರುತ್ತಾರೆ. ಸಿಕ್ಕಿರುವುದು ಶಿಕ್ಷೆಗೆ ಮಾತ್ರ ತಡೆ, ದೋಷಸಿದ್ಧಿ ಹಾಗೆಯೇ ಇರುತ್ತದೆ.

ಬ್ರಿಟನ್ನಿನಲ್ಲಿ 1974ರ ಕಾಯ್ದೆಯೊಂದರಂತೆ ನಿಗದಿತ ಕಾಲ ಕಳೆದರೆ ಅನೇಕ ಶಿಕ್ಷೆಗಳು ‘ಸವೆದುಹೋದವು’ ಎಂದಾಗುತ್ತವೆ. ಅಮೆರಿಕದ ಕೇಂದ್ರ ಸರ್ಕಾರದಲ್ಲಿ 2021ರ ಡಿಸೆಂಬರಿನಿಂದ, ಷರತ್ತಿನ ಮೇಲೆ ನೌಕರಿ ಕೊಡುತ್ತೇವೆಂದು ಹೇಳುವವರೆಗೆ ಹೆಚ್ಚಿನ ಹುದ್ದೆಗಳಿಗೆ ಅಪರಾಧದ ಹಿನ್ನೆಲೆ ಕೇಳುವಂತಿಲ್ಲ. ನಮ್ಮಲ್ಲಿ ಬಹುಪಾಲು ಪರಿಶೀಲನೆ ಆಯ್ಕೆಯ ನಂತರವೇ ನಡೆಯುವುದರಿಂದ ಅಮೆರಿಕದ ಆ ಸುಧಾರಣೆ ನಮಗೆ ದೊಡ್ಡ ಕೊರತೆಯಲ್ಲ. ಬ್ರಿಟನ್ನಿನಂತಹ ಕಾಲಮಿತಿ ಇಲ್ಲದಿರುವುದೇ ಕೊರತೆ. ಇಪ್ಪತ್ತರ ವಯಸ್ಸಿನ ದಂಡ ಐವತ್ತಕ್ಕೂ ಬೆನ್ನಿಗಿರುತ್ತದೆ.

ಪ್ರಕರಣ ಬಾಕಿ ಇದ್ದವರು ವಿಧಾನಸಭೆಗೆ ಸ್ಪರ್ಧಿಸಬಹುದಂತೆ, ವಿಧಾನಸೌಧದಲ್ಲಿ ಕಡತ ಹೊರುವ ಡಿ ಗುಂಪಿನ ನೌಕರನಿಗೆ ಮಾತ್ರ ಏಕೆ ಈ ಪರೀಕ್ಷೆ ಎಂದು ಪ್ರತಿಯೊಬ್ಬರೂ ಕೇಳುತ್ತಾರೆ. ನನ್ನಲ್ಲಿ ಇದಕ್ಕೆ ಒಪ್ಪುವಂತಹ ಉತ್ತರವಿಲ್ಲ. ಆದರೆ ಅಲ್ಲೂ ಅಭ್ಯರ್ಥಿ ತನ್ನ ಪ್ರಕರಣಗಳನ್ನು ಪ್ರಮಾಣಪತ್ರದಲ್ಲಿ ಘೋಷಿಸಲೇಬೇಕು.

ವೆರಿಫಿಕೇಷನ್ ದಿನ ಏನು ನಡೆಯುತ್ತದೆ?

ಅಂಥ ದೊಡ್ಡದೇನೂ ಇಲ್ಲ. ಠಾಣೆಯ ಸಿಬ್ಬಂದಿ ಫೋನ್ ಮಾಡಿ ಆಧಾರ್, ಅಂಕಪಟ್ಟಿ, ಫೋಟೊ ತರಲು ಹೇಳುತ್ತಾರೆ ಅಥವಾ ಮನೆಗೆ ಬಂದು ಅಕ್ಕಪಕ್ಕದ ಇಬ್ಬರ ಹೇಳಿಕೆ ಪಡೆಯುತ್ತಾರೆ. ದಾಖಲೆ ನೋಡಿ ‘ಸದರಿಯವರ ವಿರುದ್ಧ ಯಾವುದೇ ಪ್ರಕರಣ ದಾಖಲಾಗಿರುವುದಿಲ್ಲ’ ಎಂದೋ, ಪ್ರಕರಣದ ವಿವರವನ್ನೋ ಬರೆದು ಮೇಲಕ್ಕೆ ಕಳಿಸುತ್ತಾರೆ. ನೌಕರಿ ಕೊಡುವ ಅಥವಾ ನಿರಾಕರಿಸುವ ಅಧಿಕಾರ ಠಾಣೆಗಿಲ್ಲ. ಅವರದು ವರದಿ, ತೀರ್ಮಾನ ನೇಮಕಾತಿ ಪ್ರಾಧಿಕಾರದ್ದು. ಆದ್ದರಿಂದ ‘ಸ್ವಲ್ಪ ನೋಡಿಕೊಳ್ಳಿ’ ಎಂದು ಜೇಬಿಗೆ ಕೈಹಾಕುವುದು ತಪ್ಪು ಮಾತ್ರವಲ್ಲ, ದಡ್ಡತನ: ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹುಡುಕಿದರೆ ಸಿಗುವ ಪ್ರಕರಣವನ್ನು ಯಾರೂ ಬಚ್ಚಿಡಲಾರರು. ನಿಮ್ಮ ಮೇಲೆ ಗೊತ್ತಿಲ್ಲದ ಕೇಸು ಇದೆಯೇ ಎಂದು ನೀವೂ ಮುಂಚಿತವಾಗಿ ಅಲ್ಲೇ ಹುಡುಕಿ ನೋಡಬಹುದು.

‘ಇಲ್ಲ’ ಎಂದು ಬರೆದು ಕೊಟ್ಟಾಗಿದೆ. ಈಗ ಏನು ಮಾಡಲಿ?

ಪೊಲೀಸ್ ವರದಿ ಬರುವ ಮೊದಲೇ ನೀವಾಗಿ ನೇಮಕಾತಿ ಪ್ರಾಧಿಕಾರಕ್ಕೆ ತಿದ್ದುಪಡಿ ಪತ್ರ ಕೊಡಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ತಾವಾಗಿ ಹೇಳಿದವರನ್ನೂ ಸಿಕ್ಕಿಬಿದ್ದ ಮೇಲೆ ಒಪ್ಪಿಕೊಂಡವರನ್ನೂ ನ್ಯಾಯಾಲಯ ಒಂದೇ ಕಣ್ಣಿನಿಂದ ನೋಡುವುದಿಲ್ಲ. ನೋಟಿಸ್ ಬಂದೇಬಿಟ್ಟಿದ್ದರೆ ಗಡುವಿನೊಳಗೆ ಲಿಖಿತ ಉತ್ತರ ಕೊಡಿ. ‘ಸೈಬರ್ ಸೆಂಟರಿನವರು ತುಂಬಿದರು’ ಎಂಬ ನೆಪ ನಿಜವೇ ಆಗಿದ್ದರೂ, ಸಹಿ ನಿಮ್ಮದೇ ಆದ್ದರಿಂದ ನಿಲ್ಲುವುದಿಲ್ಲ.

ನೇಮಕಾತಿ ನಿರಾಕರಿಸಿದ್ದಾರೆ. ಎಲ್ಲಿಗೆ ಹೋಗಬೇಕು?

ಮೊದಲು ಆದೇಶವನ್ನು ಓದಿ. ಅಪರಾಧದ ಸ್ವರೂಪ, ನಿಮ್ಮ ವಯಸ್ಸು, ಪ್ರಕರಣದ ಫಲಿತಾಂಶ, ಹುದ್ದೆಯ ಸ್ವರೂಪ ಇವುಗಳನ್ನು ತೂಗಿದ ಗುರುತು ಅದರಲ್ಲಿದೆಯೆ? ‘ಪೊಲೀಸ್ ವರದಿಯಂತೆ ಅನರ್ಹ’ ಎಂಬ ಒಂದೇ ಸಾಲಿದ್ದರೆ ಅದೇ ನಿಮ್ಮ ಬಲವಾದ ವಾದ. ಆದೇಶವನ್ನೇ ಕೊಡದೆ ಸತಾಯಿಸುತ್ತಿದ್ದರೆ ಮನವಿ ಕೊಟ್ಟು, ಮಾಹಿತಿ ಹಕ್ಕು ಕಾಯ್ದೆಯಡಿ ಕಡತದ ಟಿಪ್ಪಣಿ ಕೇಳಿ.

ರಾಜ್ಯ ಸರ್ಕಾರದ ಹುದ್ದೆಯಾದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ, ಜನರ ಬಾಯಲ್ಲಿ ಕೆಎಟಿ; ಬೆಂಗಳೂರಿನ ಜೊತೆಗೆ ಬೆಳಗಾವಿ, ಕಲಬುರಗಿಗಳಲ್ಲಿ ಪೀಠಗಳಿವೆ. ಕೇಂದ್ರದ ನಾಗರಿಕ ಹುದ್ದೆಗೆ ಕೇಂದ್ರ ಆಡಳಿತ ನ್ಯಾಯಮಂಡಳಿಯ ಬೆಂಗಳೂರು ಪೀಠ. ಸಿಆರ್‌ಪಿಎಫ್, ಬಿಎಸ್‌ಎಫ್‌ನಂತಹ ಸಶಸ್ತ್ರ ಪಡೆಯವರು ನೇರವಾಗಿ ಹೈಕೋರ್ಟಿಗೆ ಹೋಗಬೇಕು. ನ್ಯಾಯಮಂಡಳಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು; ಮನವಿ ಕೊಟ್ಟು ಆರು ತಿಂಗಳಾದರೂ ಉತ್ತರ ಬಾರದಿದ್ದರೆ ಅಲ್ಲಿಂದ ಒಂದು ವರ್ಷ. ಹುದ್ದೆ ಬೇರೆಯವರಿಂದ ತುಂಬಿಹೋಗುವ ಭಯವಿದ್ದರೆ ಒಂದು ಹುದ್ದೆ ಖಾಲಿ ಇಡುವಂತೆ ಮಧ್ಯಂತರ ಆದೇಶ ಕೇಳುವುದನ್ನು ಮರೆಯಬೇಡಿ.

ಈಗಾಗಲೇ ಕೆಲಸದಲ್ಲಿದ್ದೇನೆ, ಈಗ ಕೇಸಾಗಿದೆ.

ಕೂಡಲೇ ಮೇಲಧಿಕಾರಿಗೆ ಲಿಖಿತವಾಗಿ ತಿಳಿಸಿ. 48 ಗಂಟೆ ಮೀರಿ ಬಂಧನದಲ್ಲಿದ್ದರೆ ಅಮಾನತಾದಂತೆಯೇ ಭಾವಿಸಲಾಗುತ್ತದೆ. ಶಿಕ್ಷೆಯಾದರೆ ಸಂವಿಧಾನದ 311ನೇ ವಿಧಿಯ ಪರಂತುಕದಂತೆ (ವಿನಾಯಿತಿ ಹೇಳುವ ಭಾಗ), ಆ ಶಿಕ್ಷೆಗೆ ಕಾರಣವಾದ ನಡವಳಿಕೆಯ ಮೇಲೆ ಇಲಾಖಾ ವಿಚಾರಣೆಯಿಲ್ಲದೆಯೂ ವಜಾ ಮಾಡಬಹುದು. ಅದು ಬೇರೆಯದೇ ದೊಡ್ಡ ವಿಷಯ.

ಪ್ರಕರಣ ಹನ್ನೆರಡು ವರ್ಷ ಹಳೆಯದು. ನ್ಯಾಯಾಲಯದಲ್ಲಿ ಕಡತವೇ ಇಲ್ಲವೆನ್ನುತ್ತಾರೆ.

ಸಣ್ಣ ಪ್ರಕರಣಗಳ ಕಡತಗಳನ್ನು ನಿಗದಿತ ಅವಧಿಯ ನಂತರ ನಿಯಮದಂತೆ ನಾಶಪಡಿಸುತ್ತಾರೆ; ಠಾಣೆಯ ದಾಖಲೆಯಲ್ಲಿ ಮಾತ್ರ ಕೇಸು ದಾಖಲಾದದ್ದು ಉಳಿದು, ಅದು ಹೇಗೆ ಮುಗಿಯಿತೆಂಬುದು ಎಷ್ಟೋ ಸಲ ಖಾಲಿಯಿರುತ್ತದೆ. ನಕಲಿಗೆ ಅರ್ಜಿ ಹಾಕಿ ‘ಕಡತ ನಾಶಪಡಿಸಲಾಗಿದೆ’ ಎಂಬ ಹಿಂಬರಹವನ್ನು ಮೊಹರಿನೊಂದಿಗೆ ಪಡೆಯಿರಿ, ಮೊಕದ್ದಮೆಗಳ ರಿಜಿಸ್ಟರಿನಲ್ಲಿ ವಿಲೇವಾರಿಯ ದಿನಾಂಕ ಮತ್ತು ಫಲಿತಾಂಶ ನಮೂದಾಗಿದ್ದರೆ ಆ ಪುಟದ ದೃಢೀಕೃತ ನಕಲನ್ನೂ ಕೇಳಿ. ಇಂದು ಖುಲಾಸೆಯಾದವರು ತೀರ್ಪಿನ ಮೂರು ದೃಢೀಕೃತ ನಕಲುಗಳನ್ನು ಅದೇ ವಾರ ತೆಗೆದಿಟ್ಟುಕೊಂಡರೆ ಈ ಅಲೆದಾಟ ಬೇಕಾಗುವುದಿಲ್ಲ. ಒಂದು ಇಲಾಖೆಗೆ, ಒಂದು ವಕೀಲರಿಗೆ, ಒಂದು ಮನೆಯ ಟ್ರಂಕಿನಲ್ಲಿ ಜಮೀನಿನ ಪಹಣಿಯ ಜೊತೆ.